ಉಡಿಗೆ ಎಸೆದ ತೆಂಗಿನಕಾಯಿ

ಹನ್ನೂರಿನ ತವರಿನಿಂದ ಸೊಲ್ಲಾಪುರಕ್ಕೆ ಹೊರಟಿದ್ದ ನನ್ನ ತಂಗಿ ಸೆರಗೊಡ್ಡಿ ಕುಳಿತಿದ್ದಳು. ಉಡಿ ತುಂಬಬೇಕಾದ ದೊಡ್ಡವ್ವ ಮಾರು ದೂರ ನಿಂತು ತೆಂಗಿನಕಾಯಿ ಎಸೆದರು. ಅದು ತಂಗಿಯ ಮೊಣಕಾಲಿಗೆ ಬಡಿದು ನೆಲಕ್ಕುರುಳಿತು. ಅವಳಿಗೆ ಎಚ್‌ಐವಿ ಇರುವುದು ದೊಡ್ಡವ್ವನಿಗೆ ಗೊತ್ತಿತ್ತು.

"ದಿನಾ ಗುಳಿಗಿ ತಗೊಂತೀನ್ರಿ ದೊಡ್ಡವ್ವ. ಈಗ ರಕ್ತ ತಪಾಸಣ್ಯಾಗೂ ವೈರಸ್ ಕಾಣೂದಿಲ್ಲ. ಮುಟ್ಟಿದ್ರಂತೂ ಇದು ಬರೂದೇ ಇಲ್ರಿ," ಎಂದಳು ತಂಗಿ.

ನನಗೆ ತಡೆಯಲಾಗಲಿಲ್ಲ. "ನೀವೂ ದಿನಾ ಶುಗರಿನ ಗುಳಿಗಿ ನುಂಗ್ತೀರಲ್ರಿ, ನಿಮ್ಮ ಮ್ಯಾಲ ಯಾರರ ಕಾಯಿ ಒಗದಾರೇನು?" ಎಂದು ಕೂಗಿ, ನಾನೇ ಅವಳ ಉಡಿ ತುಂಬಿದೆ.

ಅವಳು ಹೋದ ಮೇಲೂ ಸಿಟ್ಟು ಇಳಿದಿರಲಿಲ್ಲ. ಅದೇ ಸಿಟ್ಟಿನಲ್ಲಿ ಚಹಾದ ಪಾತ್ರೆ ತೊಳೆಯಲು ಕುಳಿತೆ. ಸ್ಟೀಲಿನ ಕಪ್ಪುಗಳ ನಡುವೆ ಒಂದೇ ಒಂದು ಕಾಗದದ ಕಪ್ಪಿತ್ತು. ಬೆಳಿಗ್ಗೆ ಅದರಲ್ಲಿ ತಂಗಿಗೆ ಚಹಾ ಕೊಟ್ಟವಳು ನಾನೇ.