ಇಮ್ತಿಯಾಜನ ಹತ್ತು ಪದ

ಹೋದ ಸೋಮವಾರ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ಎದುರು ಕೂತು, ನಾನೊಬ್ಬ ಗುಜರಿ ಮಾಲು ಅಂತ ಇಂಗ್ಲಿಷಿನಲ್ಲಿ ಒಪ್ಪಿಕೊಂಡು ಬಂದೆ.

ನಗಬೇಡಿ. ಕಾರಣ ಇಮ್ತಿಯಾಜ್.

ಹರಿಹರದಲ್ಲಿ ನಮ್ಮ ಮನೆ ಹಿಂದಿನ ಓಣಿಯವನು. ಅವರಪ್ಪ ಟೈಲರ್. ಇಬ್ಬರೂ ದಿನಾ ಒಂದೇ ಬಸ್ಸಿನಲ್ಲಿ ದಾವಣಗೆರೆಗೆ ಟೈಪಿಂಗ್ ಕಲಿಯಲು ಹೋಗುತ್ತೇವೆ. ಅಂಗಡಿಯಲ್ಲಿ ಅಳತೆ ಬರೆದು ಬಿಸಾಕಿದ ಚೀಟಿಗಳ ಬೆನ್ನಿಗೆ ಅವನು ದಿನಕ್ಕೆ ಹತ್ತು ಇಂಗ್ಲಿಷ್ ಪದ ಬರೆದುಕೊಳ್ಳುತ್ತಾನೆ. ಬಸ್ಸು ಹೊರಟರೆ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಬಾಯಿಪಾಠ. ಅದನ್ನು ನಾನು ಮಿಮಿಕ್ರಿ ಮಾಡಿದರೆ ಇಡೀ ಬಸ್ಸು ನಗುತ್ತದೆ. (ಕಂಡಕ್ಟರ್ ಟಿಕೆಟ್ ಹರಿಯೋದು ಬಿಟ್ಟು ನಗುತ್ತಾನೆ.) ಎಲ್ಲರಿಗಿಂತ ಜೋರಾಗಿ ನಗೋನು ಇಮ್ತಿಯಾಜೇ.

ಹೊಟ್ಟೆ ಉರಿಯೋದು ಇಂಥದ್ದಕ್ಕೇ ಅಲ್ಲವೇ? ಆರು ತಿಂಗಳಲ್ಲಿ ಅವನು ಇಂಗ್ಲಿಷ್ ಪೇಪರಿನ ಸಂಪಾದಕೀಯ ಓದುವ ಮಟ್ಟಕ್ಕೆ ಬಂದ. ನಾನು ಇನ್ನೂ ಕ್ರಿಕೆಟ್ ಸ್ಕೋರಿನಲ್ಲೇ ಇದ್ದೇನೆ. ನಮ್ಮವ್ವ ಬೇರೆ ದಿನಾ ಬೆಳಿಗ್ಗೆ ಉಪ್ಪಿಟ್ಟಿನ ಜೊತೆ ಅವನ ಹೆಸರನ್ನೂ ಬಡಿಸುತ್ತಾಳೆ.

ಅಷ್ಟರಲ್ಲಿ ಫ್ಯಾಕ್ಟರಿಯವರಿಗೆ ಬೊಂಬಾಯಿಗೆ ಫ್ಯಾಕ್ಸ್ ಬರೆಯಲು ಒಳ್ಳೆ ಇಂಗ್ಲಿಷ್ ಬರುವ ಹುಡುಗ ಬೇಕಾಯಿತು. ಇರೋದು ಒಂದೇ ಕೆಲಸ. ನಮಗಿಬ್ಬರಿಗೂ ಸೋಮವಾರ ಇಂಟರ್‌ವ್ಯೂ. ನನಗೆ ಈ ಕೆಲಸ ಬೇಕೇಬೇಕಿತ್ತು. (ಈ ಅಂಕಣಕ್ಕೆ ಸಂಪಾದಕರು ಕೊಡೋದು ಟೀ ಮಾತ್ರ.)

ಹಿಂದಿನ ಶನಿವಾರ ಬಸ್ಸು ರಶ್. ಇಮ್ತಿಯಾಜ್ ಒಬ್ಬ ಅಜ್ಜಿಗೆ ಸೀಟು ಬಿಟ್ಟುಕೊಟ್ಟು ನಿಂತ. ನಿಂತವರ ಸಾಮಾನು ಕೂತವರ ತೊಡೆ ಮೇಲೆ, ಅದು ನಮ್ಮ ಬಸ್ಸುಗಳ ಕಾಯಿದೆ. ಅವನ ಪುಸ್ತಕ ನನ್ನ ತೊಡೆಗೆ ಬಂತು. ಒಳಗೆ ಚೀಟಿ. ಚೀಟಿ ನನ್ನ ಜೇಬಿಗೆ ಹೋಯಿತು.

ಮನೆಗೆ ಬಂದು ನೋಡಿದರೆ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅರ್ಥ. ಅರ್ಥವೆಲ್ಲ ಉರ್ದುವಿನಲ್ಲಿ. ಉರ್ದು ನನಗೆ ಮಾತಾಡಲು ಒಂದಿಷ್ಟು ಬರುತ್ತದೆ, ಓದಲು ಒಂದಕ್ಷರ ಬರೋದಿಲ್ಲ. ಡಿಕ್ಷನರಿ ನೋಡಬಹುದಿತ್ತಲ್ಲ ಅಂತೀರಾ? ಕದ್ದವನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ದನಿ ಗಟ್ಟಿಯಾಗಿದ್ದರೆ ಅರ್ಥ ತಾನಾಗೇ ಹಿಂದೆ ಬರುತ್ತದೆ ಅಂದುಕೊಂಡೆ. ಮಿಮಿಕ್ರಿಯವರ ರೋಗ ಅದು.

ಸೋಮವಾರ ಮೊದಲು ನನ್ನನ್ನೇ ಕರೆದರು. ನಿಮ್ಮ ಬಗ್ಗೆ ಹೇಳಿ ಅಂದರು ಮ್ಯಾನೇಜರ್. ರೇಡಿಯೋದಲ್ಲಿ ವಾರ್ತೆ ಓದುವವರ ದನಿ ತೆಗೆದು, ನಾನು ಮೆಟಿಕ್ಯುಲಸ್, ಕ್ಯಾಂಡಿಡ್ ಮತ್ತು ಆಬ್ಸಲೀಟ್ ಹುಡುಗ ಅಂತ ಇಂಗ್ಲಿಷಿನಲ್ಲಿ ಘೋಷಿಸಿದೆ.

ಅವರು ಪೆನ್ನು ಕೆಳಗಿಟ್ಟರು.

"ಆಬ್ಸಲೀಟ್ ಅಂದ್ರ ಏನ್ರಿ?"

ಅದೇ ಪದವನ್ನು ಇನ್ನೂ ಗಟ್ಟಿ ದನಿಯಲ್ಲಿ ಇನ್ನೊಮ್ಮೆ ಹೇಳಿದೆ.

"ಶೆಡ್ಡಿನ ಹಿಂದ ಒಂದು ಹಳೇ ಮಷೀನ್ ಬಿದ್ದೈತೆ ನೋಡ್ರಿ. ಅದರ ಕಾಲ ಮುಗೀತು, ಈಗ ಯಾರೂ ಮುಟ್ಟಲ್ಲ. ಅದಕ್ಕ ಅಂತಾರ ಆಬ್ಸಲೀಟ್. ನೀವೂ ಹಂಗೇನ್ರಿ?"

ಎದ್ದು ಬಂದೆ. ಇಮ್ತಿಯಾಜ್ ಒಳಗೆ ಹೋದ. ಅರ್ಧ ಗಂಟೆ ಬರಲೇ ಇಲ್ಲ. ಬಂದಾಗ ಕೆಲಸ ಅವನದಾಗಿತ್ತು.

ಇಬ್ಬರೂ ಬಸ್ ಸ್ಟಾಪಿಗೆ ನಡೆದೆವು. ಅಲ್ಲಿ ಅವನೇ ಮಾತು ಶುರು ಮಾಡಿದ. ಮ್ಯಾನೇಜರ್ ನನ್ನ ಕಥೆಯನ್ನು ಅವನಿಗೆ ನಗುತ್ತಾ ಹೇಳಿದ್ದರಂತೆ. ಮೂರು ಪದ ಕೇಳಿದ ಕೂಡಲೇ ಶನಿವಾರದ ಚೀಟಿ ಎಲ್ಲಿ ಹೋಯಿತು ಅಂತ ಅವನಿಗೆ ಗೊತ್ತಾಯಿತಂತೆ. ಬೈಗುಳಕ್ಕೆ ರೆಡಿಯಾಗಿ ನಿಂತೆ. ಬೈದಿದ್ದರೆ ನನಗೂ ಒಂದಿಷ್ಟು ಹಗುರ ಆಗುತ್ತಿತ್ತು.

"ಮೊದ್ಲೇ ಕೇಳೋದಲ್ಲೇನೋ ಮಾರಾಯ," ಅಂದ. "ಕನ್ನಡದಾಗೇ ಅರ್ಥ ಬರ್ಕೊಡ್ತಿದ್ನಲ್ಲ."

ಅವನಿಗೆ ಕೆಲಸ ಸಿಕ್ಕಿದ್ದನ್ನು ಹೇಗೋ ಸಹಿಸಿಕೊಂಡೇನು. ಅವನು ಒಳ್ಳೆಯವನೂ ಹೌದು ಅನ್ನೋದನ್ನು ಹೇಗ್ರೀ ಸಹಿಸೋದು?