ಲಾಕಣ್ಣ ಮತ್ತು ಹಳದಿ ಗೆರೆ ದಾಟಿದ ಕಾರು

ನಮ್ಮ ಕಾಂಪ್ಲೆಕ್ಸಿನಲ್ಲಿ ಅವನನ್ನು ಲಾಕಣ್ಣ ಅಂತಲೇ ಕರೆಯುವುದು. ಆ ಹೆಸರು ಇಟ್ಟವಳು ನಾನೇ. ಒಂದು ಕಡೆ ಅಂಗಡಿಗಳು, ಇನ್ನೊಂದು ಕಡೆ ಕ್ಲಿನಿಕ್ಕು, ನಡುವೆ ಖಾಸಗಿ ಕಂಪನಿಯೊಂದು ಗುತ್ತಿಗೆ ಹಿಡಿದಿರುವ ಪಾರ್ಕಿಂಗ್ ಜಾಗ. ನಿಲ್ಲಿಸಬಾರದ ಕಡೆ ಬಳಿದ ಹಳದಿ ಗೆರೆ ದಾಟಿ ನಿಂತ ಕಾರಿನ ಚಕ್ರಕ್ಕೆ ಕಬ್ಬಿಣದ ಲಾಕ್ ಜಡಿಯುವುದು, ಗಾಜಿಗೆ ನೋಟಿಸ್ ಅಂಟಿಸುವುದು, ಫೋಟೋ ತೆಗೆದು ಆಫೀಸಿಗೆ ಕಳಿಸುವುದು ಅವನ ಕೆಲಸ. ಬಿಚ್ಚುವ ಕೀಲಿ ಮಾತ್ರ ಅವನ ಹತ್ತಿರ ಇರುವುದಿಲ್ಲ. ದಂಡ ಕಟ್ಟಿದ ಮೇಲೆ ಆಫೀಸಿನಿಂದ ಇನ್ನೊಬ್ಬ ಸ್ಕೂಟರಿನಲ್ಲಿ ಬಂದು ಬಿಚ್ಚಿಕೊಡುತ್ತಾನೆ. ಹಾಕುವವನಿಗೆ ಹಿಡಿಶಾಪ, ಬಿಚ್ಚುವವನಿಗೆ ಥ್ಯಾಂಕ್ಸು. ಈ ಏರ್ಪಾಡು ಮಾಡಿದ ಪುಣ್ಯಾತ್ಮ ಯಾರೋ, ಸಿಕ್ಕರೆ ನಾಲ್ಕು ಮಾತು ಕೇಳಬೇಕೆಂದಿದ್ದೇನೆ.

ನನ್ನದು ಆಲ್ಟರೇಷನ್ ಅಂಗಡಿ. ಪ್ಯಾಂಟು ಗಿಡ್ಡ ಮಾಡುತ್ತೇನೆ, ಜಿಪ್ ಬದಲಿಸುತ್ತೇನೆ, ದಪ್ಪಗಾದವರಿಗೆ ಪಕ್ಕದ ಹೊಲಿಗೆ ಬಿಚ್ಚಿಕೊಡುತ್ತೇನೆ. ಮಿಷನ್ನಿನ ಮುಂದೆ ಕೂತರೆ ಕಿಟಕಿಯಲ್ಲಿ ಕಾಣುವುದು ಅವನೊಬ್ಬನೇ. ದಿನವಿಡೀ ಅವನ ಜೊತೆ ಮಾತಾಡುವವರು ಬೈಯುವವರು ಮಾತ್ರ. ಟೀ ಅಂಗಡಿಯವನು ಕೂಡ ಲೋಟ ಕುಕ್ಕಿ ಇಟ್ಟು ಮುಖ ತಿರುಗಿಸುತ್ತಾನೆ. ಆ ಟೀಯವನ ಷಡ್ಡಕನ ಕಾರಿಗೆ ಯಾವತ್ತೋ ಲಾಕ್ ಬಿದ್ದಿತ್ತಂತೆ.

ಮೊದಮೊದಲು ಲಾಕಣ್ಣ ಮಾಲೀಕರು ಬರುವ ತನಕ ಬಕೆಟ್ ಬೋರಲು ಹಾಕಿಕೊಂಡು ಕಾರಿನ ಪಕ್ಕದಲ್ಲೇ ಕೂತಿರುತ್ತಿದ್ದ. "ಬಂದೋರಿಗೆ ಗಾಬರಿ ಆಗುತ್ತೆ ಮೇಡಂ, ಹಿಂಗಿಂಗೆ ಅಂತ ಹೇಳೋಕೆ ಒಬ್ಬರು ಬೇಡ್ವಾ?" ಅನ್ನುತ್ತಿದ್ದ. ಒಂದು ದಿನ, ಮಗನ ವಯಸ್ಸಿನವನೊಬ್ಬ ಬಂದವನೇ ಕೆನ್ನೆಗೆ ಬಾರಿಸಿದ. ಸುತ್ತ ನಿಂತವರು ನಕ್ಕರು. ಅವತ್ತಿನಿಂದ ಲಾಕ್ ಹಾಕಿದವನೇ ಹಿಂಭಾಗದ ಮೋಟಾರ್ ಕೋಣೆ ಸೇರಿಕೊಳ್ಳತೊಡಗಿದ. ನೀರಿನ ಪಂಪು, ಕೈ ಮುರಿದ ಕುರ್ಚಿ, ಮೊಳೆಗೆ ನೇತುಹಾಕಿದ ಊಟದ ಚೀಲ, ಗೋಡೆಯಲ್ಲಿ ಪಾರ್ಕಿಂಗ್ ಕಾಣುವ ಒಂದು ಕಿಂಡಿ, ಅಷ್ಟೇ ಅವನ ಪ್ರಪಂಚ. ನೋಟಿಸಿನ ಮೇಲೆ ಅವನ ನಂಬರ್ ಅಚ್ಚು ಹಾಕಿದ್ದರಿಂದ ಫೋನಿನಲ್ಲೂ ಬೈಗುಳವೇ. ಗೊತ್ತಿಲ್ಲದ ನಂಬರ್ ಬಂದರೆ ಎತ್ತುವುದನ್ನೇ ಬಿಟ್ಟ. ಗೊತ್ತಿರುವ ನಂಬರ್ ಯಾವುದೂ ಬರುತ್ತಿರಲಿಲ್ಲ. ಮದುವೆ ಮಾಡಿಕೊಂಡವನಲ್ಲ. ಬಾಡಿಗೆ ಕೋಣೆಗೆ ಹೋದರೆ ಅಲ್ಲೂ ಒಬ್ಬನೇ.

ಅವನಿಗೆ ಒಬ್ಬ ಅಕ್ಕ ಇದ್ದಾಳೆ ಅಂತ ನನಗೆ ಗೊತ್ತಾಗಿದ್ದು, ಹರಿದ ಜೇಬು ಹೊಲಿಸಿಕೊಳ್ಳಲು ಬಂದು ಸ್ಟೂಲಿನ ಮೇಲೆ ಕೂತಿದ್ದಾಗ. ಅಮ್ಮ ತೀರಿಕೊಂಡ ಮೇಲೆ ಅಕ್ಕನೇ ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಇದ್ದ ಫ್ಯಾಕ್ಟರಿ ಮುಚ್ಚಿದಾಗ ಯಾರ್ಯಾರದೋ ಕೈಕಾಲು ಹಿಡಿದು ಈ ಕೆಲಸ ಕೊಡಿಸಿದವನು ಅವಳ ಗಂಡ. ಕೆಲಸಕ್ಕೆ ಸೇರಿದ ಹೊಸತರಲ್ಲೇ ಆ ಭಾವ ಕ್ಲಿನಿಕ್ಕಿಗೆ ಬಂದ. ನಮ್ಮ ಹುಡುಗ ಇದ್ದಾನಲ್ಲ ಅಂತ ಆಂಬುಲೆನ್ಸ್ ಬರುವ ದಾರಿಗೇ ಕಾರು ನಿಲ್ಲಿಸಿ ಒಳಗೆ ಹೋದ. ಲಾಕಣ್ಣನ ಬೆನ್ನ ಹಿಂದೆ ಸೂಪರ್‌ವೈಸರ್ ನಿಂತಿದ್ದ. ಇವನು ತುಟಿಪಿಟಕ್ಕೆನ್ನದೆ ಲಾಕ್ ಹಾಕಿದ. ಕೀಲಿಯವನು ಬರುವ ತನಕ ಭಾವ ಜನರ ಮುಂದೆ ಬಿಸಿಲಲ್ಲಿ ನಿಂತಿರಬೇಕಾಯಿತು.

"ಉಂಡ ಮನೆಗೆ ಎರಡು ಬಗೆದೆ, ಇನ್ನು ನನ್ನ ಹೊಸ್ತಿಲು ತುಳೀಬೇಡ ಅಂದ್ರು. ಅಕ್ಕ ಒಳಗೇ ಇದ್ಲು ಮೇಡಂ, ಹೊರಗೆ ಬರಲಿಲ್ಲ."

ವರ್ಷಗಳು ಉರುಳಿದವು. ಭಾವ ತೀರಿಕೊಂಡ ಸುದ್ದಿ ಇವನಿಗೆ ತಡವಾಗಿ ತಲುಪಿತು. ಅಕ್ಕನ ಬೀದಿಯ ತಿರುವಿನವರೆಗೂ ಹೋಗಿ, ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ವಾಪಸ್ ಬಂದನಂತೆ. ನನಗೆ ರೇಗಿತು. "ಇರೋ ಮುಖ ಇಟ್ಕೊಂಡು ಹೋಗಯ್ಯಾ, ಬಾಡಿಗೆಗೆ ತರ್ತೀಯಾ?" ಅಂದೆ. ಅವನು ನಗಲಿಲ್ಲ. ಜೇಬು ತಡವಿ ನೋಡಿಕೊಂಡು ಎದ್ದು ಹೋದ.

ಹೋದ ಶನಿವಾರ ನಡೆದದ್ದನ್ನು ಹೇಳುತ್ತೇನೆ. ಒಂದು ಪುಟ್ಟ ಹಳೆಯ ಕಾರು ತಡವರಿಸುತ್ತ ಬಂದು ನನ್ನ ಕಿಟಕಿಯೆದುರಿನ ಹಳದಿ ಗೆರೆಗಳ ಮೇಲೇ ನಿಂತಿತು. ಅರವತ್ತು ದಾಟಿದ ಹೆಂಗಸು, ಚೀಲ ಎದೆಗವಚಿಕೊಂಡು ಇಳಿದು ನೆಟ್ಟಗೆ ನನ್ನ ಅಂಗಡಿಗೆ ಬಂದರು.

"ಅಮ್ಮಾ, ಅಲ್ಲಿ ನಿಲ್ಲಿಸ್ಬೇಡಿ. ಲಾಕ್ ಹಾಕ್ತಾರೆ."

"ಗೊತ್ತು. ಒಳಗೆ ಕೂತಿದ್ರೆ ಹಾಕಲ್ವಂತಲ್ಲ, ಅದಕ್ಕೇ ಇಳಿದು ಬಂದೆ. ಸ್ವಲ್ಪ ಇಲ್ಲಿ ಕೂತ್ಕೊಳ್ಲಾ?"

ಇದೆಂಥ ವಿಚಿತ್ರದ ಗಿರಾಕಿ ಅನ್ನಿಸಿತು. ಅಷ್ಟರಲ್ಲಿ ಲಾಕಣ್ಣ ಬಂದ. ಅವನು ಯಾರ ಮುಖವನ್ನೂ ನೋಡುವವನಲ್ಲ. ಚಕ್ರ ಎಲ್ಲಿದೆ, ಸೀಟಿನಲ್ಲಿ ಯಾರಾದರೂ ಇದ್ದಾರಾ, ಇಷ್ಟೇ ನೋಡುತ್ತಾನೆ. ಮಂಡಿಯೂರಿ ಲಾಕ್ ತೊಡಿಸಿದ, ನೋಟಿಸ್ ಅಂಟಿಸಿದ, ಫೋಟೋ ತೆಗೆದ, ಹೋದ. ಹೆಂಗಸು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದರು.

"ತುಂಬಾ ತೆಳ್ಳಗಾಗಿದ್ದಾನೆ," ಅಂದರು.

ಆಗ ನನಗೆ ಹೊಳೆಯಿತು. ಅವರು ಮೆಟ್ಟಿಲಿಳಿದು ಕಾರಿನ ಹತ್ತಿರ ಹೋಗುವಷ್ಟರಲ್ಲಿ ಅವನು ಮಾಯ. ನಾನು ಕತ್ತರಿ ಹಿಡಿದುಕೊಂಡೇ ಮೋಟಾರ್ ಕೋಣೆಗೆ ಓಡಿದೆ. ಅವನು ಕಿಂಡಿಗೆ ಮುಖವಿಟ್ಟು ನಿಂತಿದ್ದ. ಕಣ್ಣಲ್ಲಿ ನೀರು ಧಾರಾಕಾರ.

"ನಮ್ಮಕ್ಕ ಮೇಡಂ. ಡ್ರೈವಿಂಗ್ ಯಾವಾಗ ಕಲಿತ್ಲೋ, ಕಾರು ಯಾವಾಗ ತಗೊಂಡ್ಲೋ. ಭಾವನ ಕಾರಿಗೆ ಹಾಕಿದ್ದು ಸಾಲ್ದು ಅಂತ ಅವಳದ್ದಕ್ಕೂ ಹಾಕಿಬಿಟ್ಟೆ."

"ಹೋಗಿ ಮಾತಾಡಯ್ಯಾ!"

"ಹೆಂಗೆ ಹೋಗ್ಲಿ? ಬಿಚ್ಚೋಕೆ ಕೀಲಿನೂ ಇಲ್ಲ ನನ್ನ ಹತ್ರ."

ಬೈದೆ, ತೋಳು ಹಿಡಿದು ಎಳೆದೆ. ಪಂಪಿನ ಪೈಪು ಹಿಡಿದುಕೊಂಡವನು ಬಿಡಲಿಲ್ಲ. ಐವತ್ತು ದಾಟಿದ ಗಂಡಸು ಹೀಗೆ ಮಗುವಿನಂತೆ ಜೋತುಬೀಳುವುದನ್ನು ನಾನು ನೋಡಿರಲಿಲ್ಲ. ನನ್ನ ಸಿಟ್ಟು ಇಳಿದುಹೋಯಿತು. ಅಷ್ಟರಲ್ಲಿ ಅಕ್ಕ ದಂಡ ಕಟ್ಟಿದ್ದರೆಂದು ಕಾಣುತ್ತದೆ, ಹೊರಗೆ ಸ್ಕೂಟರಿನ ಸದ್ದಾಯಿತು. ಕೀಲಿಯವನು ಬಂದು ಲಾಕ್ ಬಿಚ್ಚಿ ಥ್ಯಾಂಕ್ಸ್ ಹೇಳಿಸಿಕೊಂಡು ಹೋದ.

ನಾನು ತಿರುಗಿ ಬಂದಾಗ ಆಕೆ ಕಾರಿಗೆ ಒರಗಿ ನಿಂತಿದ್ದರು. "ಅವ್ನು ಹಿಂದೆ ಮೋಟಾರ್ ಕೋಣೇಲಿದ್ದಾನೆ, ಬನ್ನಿ," ಅಂದೆ.

"ಬೇಡ. ಚಿಕ್ಕವನಿದ್ದಾಗ್ಲೂ ಹಿಂಗೇ. ಏನಾದ್ರೂ ಒಡೆದ್ರೆ ಕದದ ಹಿಂದೆ ಅಡಗಿಬಿಡೋನು. ಎಳೆದು ತಂದ್ರೆ ಇನ್ನೂ ಮುದುರಿಕೊಳ್ತಿದ್ದ. ತಾನಾಗೇ ಬರಬೇಕು." ಗಾಜಿಗಂಟಿದ್ದ ನೋಟಿಸನ್ನು ಉಗುರಿನಿಂದ ಕೆರೆದು ತೆಗೆದರು. "ಅವರಿದ್ದಾಗ ಬಾಯಿ ಬಿಡೋ ಧೈರ್ಯ ನನಗಿರಲಿಲ್ಲ. ಈಗ ಫೋನ್ ಮಾಡಿದ್ರೆ ಇವನು ಎತ್ತಲ್ಲ. ಕೋಣೆ ಎಲ್ಲಿ ಅಂತಾನೂ ಗೊತ್ತಿಲ್ಲ. ಗೆರೆ ದಾಟಿ ನಿಲ್ಲಿಸಿದ್ರೆ ಮಾತ್ರ ಬಂದೇ ಬರ್ತಾನೆ ಅಂತ ಗೊತ್ತಿತ್ತು."

ಕೈಯಲ್ಲಿ ಕತ್ತರಿ ಇನ್ನೂ ಇರುವುದು ಆಗ ಕಂಡಿತು, ಬೆನ್ನ ಹಿಂದೆ ಹಿಡಿದುಕೊಂಡೆ.

"ಬರೋ ಶನಿವಾರ ಮತ್ತೆ ಇಲ್ಲೇ ನಿಲ್ಲಿಸ್ತೀನಿ ಅಂತ ಹೇಳಿ. ಲಾಕ್ ಹಾಕಿದ್ರೂ ಪರವಾಗಿಲ್ಲ. ಹಾಕಿ ಓಡಿಹೋಗ್ಬೇಡ ಅಂತ ಹೇಳಿ." ಕಾರು ಎರಡು ಸಲ ಕುಂಟಿ, ಆಮೇಲೆ ಹೊರಟಿತು.

ಅವರು ಹೇಳಿದ್ದನ್ನು ಲಾಕಣ್ಣನಿಗೆ ಒಂದಕ್ಷರ ಬಿಡದೆ ಹೇಳಿದೆ. ಅವನು ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದ. "ತೆಳ್ಳಗಾಗಿದ್ದಾನೆ ಅಂದ್ಲಾ? ಹಂಗೇ ಅಂದ್ಲಾ?"

ಇವತ್ತು ಸೋಮವಾರ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ಬಕೆಟ್ ಬೋರಲು ಬಿದ್ದಿತ್ತು, ಅದರ ಮೇಲೆ ಅವನು ಕೂತಿದ್ದ, ಆ ಹಳದಿ ಗೆರೆಗಳ ಪಕ್ಕದಲ್ಲೇ. ಕೆನ್ನೆಗೆ ಏಟು ಬಿದ್ದ ಮೇಲೆ ಹೀಗೆ ಬಯಲಲ್ಲಿ ಕೂತದ್ದು ಇದೇ ಮೊದಲು. ಶನಿವಾರ ಇನ್ನೂ ದೂರ ಇದೆಯಯ್ಯಾ ಅನ್ನಬೇಕೆಂದುಕೊಂಡವಳು ಮಿಷನ್ನಿನ ಮುಂದೆ ಹೋಗಿ ಕೂತೆ. ಮಧ್ಯಾಹ್ನ ಒಂದು ದೊಡ್ಡ ಕಾರು ಬಂದು ಆ ಗೆರೆಗಳ ಮೇಲೆ ತಿರುಗಿಕೊಳ್ಳತೊಡಗಿತು. ಮೊದಲೇ ಹೇಳಿ ಓಡಿಸಿದರೆ ಕಂಪನಿಗೆ ನಷ್ಟ, ಹಾಗಾಗಿ ಅವನು ಯಾರಿಗೂ ಮುಂಚಿತವಾಗಿ ಹೇಳುವ ಹಾಗಿಲ್ಲ. ಇವತ್ತು ಮಾತ್ರ ಎರಡೂ ಕೈ ಅಗಲಿಸಿಕೊಂಡು ಕಾರಿನ ಮುಂದೆ ಓಡಿದ.

"ಇಲ್ಲಿ ಬೇಡ ಸ್ವಾಮಿ, ಮುಂದೆ ಹೋಗಿ. ಇದು ನಮ್ಮಕ್ಕನ ಜಾಗ."