ಬೈರಪ್ಪನ ಹೊಸ ಮೌತ್ ಆರ್ಗನ್

ನರಸಿಂಹರಾಜಪುರದಲ್ಲಿ ನನ್ನದೊಂದು ರಿಪೇರಿ ಅಂಗಡಿ. ಮೊದಲು ರೇಡಿಯೋ, ಈಗ ಮೊಬೈಲು. ಆನ್‌ಲೈನಿನಲ್ಲಿ ಸಾಮಾನು ತರಿಸಲು ಬಾರದವರಿಗೆ ನಾನೇ ತರಿಸಿಕೊಡುವುದು. ಕಡಹಿನಬೈಲಿನ ಬೈರಪ್ಪ ಒಂದು ಮೌತ್ ಆರ್ಗನ್ ತರಿಸಿದ.

ನಾನೂ ಅವನೂ ಶಾಲೆಯಲ್ಲಿ ಒಂದೇ ಬೆಂಚಿನವರು. ಆಮೇಲೆ ಅವನು ಕೊಪ್ಪದ ಕಡೆಯ ಒಂದು ಕಾಫಿ ಮಿಲ್ಲಿಗೆ ಸೇರಿ, ಹೊಟ್ಟು ಹಾರುವ ಜಾಗದಲ್ಲೇ ವಯಸ್ಸು ಕಳೆದ. ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ, "ಬಟ್ಟೆ ಕಟ್ಟಿದ್ರೆ ಊದೋದು ಹೆಂಗೆ ಮಾರಾಯ?" ಎಂದು ನಗುತ್ತಿದ್ದ. ಮಧ್ಯಾಹ್ನ ಬುತ್ತಿ ಉಂಡ ಮೇಲೆ ಅವನ ಮೌತ್ ಆರ್ಗನ್ ಕೇಳದೆ ಮಿಲ್ಲಿನವರು ಯಾರೂ ಕೆಲಸಕ್ಕೆ ಏಳುತ್ತಿರಲಿಲ್ಲ.

ಮನೆಯಲ್ಲಿ ಅವನೇ ಮಾಡಿಕೊಂಡ ಪದ್ಧತಿ ಒಂದಿತ್ತು. ಮಗುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವಾಗ, ಹೆಂಗಸರು ಹಾಡು ಶುರುಮಾಡುವ ಮೊದಲು, ಅವನೊಂದು ಪುಟ್ಟ ರಾಗ ನುಡಿಸಬೇಕು. ಮಗಳು ಭಾಗ್ಯಳಿಗೆ ನುಡಿಸಿದ್ದ, ತಂಗಿಯ ಮಕ್ಕಳಿಗೂ ನುಡಿಸಿದ್ದ. ಈಗ ಭಾಗ್ಯಳ ಮಗುವಿನ ಸರದಿ. ಹಳೆಯದು ತುಕ್ಕು ಹಿಡಿದು ಕೂತಿತ್ತು. ಈ ಒಂದು ಸಲ ನುಡಿಸಿದರೆ ಸಾಕು ಎನ್ನುತ್ತಿದ್ದ.

ಪಾರ್ಸೆಲ್ ಬಂದ ದಿನ ನಾನೇ ಬಿಚ್ಚಿ, ಒಂದೊಂದು ತೂತನ್ನೂ ಊದಿ, ಉಸಿರು ಒಳಗೆಳೆದು ನೋಡಿದ್ದೆ. ಎಲ್ಲ ಸ್ವರಗಳೂ ಸರಿಯಾಗಿದ್ದವು. ಸಂಜೆ ಬೈರಪ್ಪ ಬಂದ. ಬಸ್‌ಸ್ಟ್ಯಾಂಡಿನಿಂದ ಅಂಗಡಿಗೆ ಎಷ್ಟು ದೂರ? ಅಷ್ಟಕ್ಕೇ ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಂಡ. ಆಮೇಲೆ ಹೆಣ್ಣು ನೋಡಲು ಬಂದವರ ಹಾಗೆ ಪರೀಕ್ಷೆ ಶುರುವಾಯಿತು. ಬೆಳಕಿಗೆ ಹಿಡಿದು ತಗಡಿಗೂ ಮೈಗೂ ನಡುವೆ ಸಂದಿಯಿದೆಯೇ ಎಂದು ನೋಡಿದ. ಸ್ಕ್ರೂ ಮುಟ್ಟಿ ನೋಡಿದ. ತುಟಿಗೆ ತಾಗುವ ಅಂಚಿನ ಮೇಲೆ ಬೆರಳಾಡಿಸಿ, "ಪರವಾಗಿಲ್ಲ, ಕೊಯ್ಯಲ್ಲ" ಎಂದ.

ಊದಿದ. ಸ್ವರ ಬಂತು. ಎಳೆದ. ಬರಲಿಲ್ಲ. ಇನ್ನೊಂದು ತೂತಿಗೆ ಬಾಯಿಟ್ಟು ಎಳೆದ. ಕೀರಲು ಸದ್ದೊಂದು ಹೊರಟು ಅಲ್ಲೇ ಸತ್ತಿತು. ಕೆಮ್ಮಿದ. ಕೆಮ್ಮು ನಿಂತ ಮೇಲೆ ಮೌತ್ ಆರ್ಗನ್ನನ್ನು ಅಂಗೈಗೆ ಬಡಿದು ಹೇಳಿದ, "ಇದಕ್ಕೆ ಥಂಡಿ ಹಿಡಿದಿದೆ ಮಾರಾಯ. ದಾರಿಲೇ ನೆನೆದು ಬಂದಿದೆ. ಅಟ್ಟದ ಮೇಲಿಟ್ರೆ ಸರಿಯಾಗುತ್ತೆ."

ನಮ್ಮಲ್ಲಿ ಎಲ್ಲಕ್ಕೂ ಇದೇ ಮದ್ದು. ಬೆಂಕಿಪೆಟ್ಟಿಗೆ, ಉಪ್ಪು, ಬೀಜದ ಕಾಯಿ, ಥಂಡಿ ಹಿಡಿದದ್ದೆಲ್ಲ ಒಲೆಯ ಮೇಲಿನ ಅಟ್ಟಕ್ಕೆ. ನೀರಿಗೆ ಬಿದ್ದ ಮೊಬೈಲುಗಳೂ ಹೊಗೆ ವಾಸನೆ ಹೊತ್ತುಕೊಂಡೇ ನನ್ನ ಅಂಗಡಿಗೆ ಬರುತ್ತವೆ, ನಾನು ಬೈಯುತ್ತೇನೆ. ಆವತ್ತು ಬೈಯಲಿಲ್ಲ. "ಹೌದು, ಥಂಡಿಯೇ ಇರಬೇಕು" ಎಂದೆ. ಅದನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಅವನ ಕೈಗಿಟ್ಟೆ.

ತೊಟ್ಟಿಲ ದಿನ ನಾನೂ ಹೋದೆ. ಮೌತ್ ಆರ್ಗನ್ ಅಷ್ಟು ದಿನವೂ ಅಟ್ಟದ ಮೇಲಿತ್ತು. ಬೈರಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತೊಟ್ಟಿಲ ಪಕ್ಕ ಕೂತಿದ್ದ. ಹೆಂಡತಿ ವನಜಮ್ಮ ಮಗುವನ್ನು ಮಲಗಿಸಿದಳು. ಹೆಂಗಸರು ಹಾಡದೆ ಕಾದರು.

ಅವನು ನುಡಿಸಿದ. ಊದುವ ಸ್ವರಗಳು ಬಂದವು, ಎಳೆಯುವ ಸ್ವರಗಳ ಜಾಗದಲ್ಲಿ ಏನೂ ಇಲ್ಲ. ಹಲ್ಲು ಉದುರಿದ ಬಾಯಿಯ ಮಾತಿನ ಹಾಗೆ ಕೇಳಿಸಿತು. ಮತ್ತೆ ಮೊದಲಿಂದ ಶುರುಮಾಡಿದ. ಕತ್ತಿನ ನರ ಉಬ್ಬಿತು, ಕೆಮ್ಮು ಒತ್ತರಿಸಿ ಬಂತು. "ಇನ್ನೂ ಒಣಗಿಲ್ಲ" ಎಂದು ಎಲ್ಲರನ್ನೂ ನೋಡಿ ನಕ್ಕ.

"ಎಲ್ಲಿ, ಕೊಡಿ ಅಪ್ಪಯ್ಯ" ಎಂದು ಭಾಗ್ಯ ಅದನ್ನು ತೆಗೆದುಕೊಂಡಳು. ನಾನು ಬೇಡ ಎನ್ನುವಷ್ಟರಲ್ಲಿ ಸೆರಗಿನಿಂದ ಒರೆಸಿ, ಬಾಯಿಗಿಟ್ಟು ಉಸಿರೆಳೆದಳು. ಸ್ವರ ತುಂಬಿಕೊಂಡು ಬಂತು. ಇನ್ನೊಂದು ತೂತು, ಅದೂ ಬಂತು. ಮಗು ತೊಟ್ಟಿಲಲ್ಲಿ ಕಣ್ಣರಳಿಸಿತು.

"ಒಣಗಿದೆ ಅಪ್ಪಯ್ಯ! ನೋಡಿ, ಚೆಂದ ಒಣಗಿದೆ!" ಭಾಗ್ಯಳಿಗೆ ಖುಷಿಯೋ ಖುಷಿ.

ವನಜಮ್ಮ ಗಂಡನ ಮುಖ ನೋಡಿದಳು. ಅವನು ನನ್ನ ಮುಖ ನೋಡಿದ. ಮಗಳು ಮೌತ್ ಆರ್ಗನ್ನನ್ನು ಅವನ ಮುಂದೆ ಹಿಡಿದುಕೊಂಡೇ ಇದ್ದಳು.

"ಹೌದು ಮಗಾ, ಒಣಗಿದೆ" ಎಂದ ಬೈರಪ್ಪ. ಕೈ ಮುಂದೆ ಮಾಡಲಿಲ್ಲ. "ನೀನೇ ಇಟ್ಕೊ. ಹಾಡು ಶುರು ಮಾಡಿ, ಹೊತ್ತಾತು."